ಕನಕಾಂಬರದ ಕೊಡ

ಮೂವತ್ತು ವರ್ಷ ತುಮಕೂರಿನ ಕೋರ್ಟಿನಲ್ಲಿ ಬೆಂಚ್ ಕ್ಲರ್ಕ್ ಆಗಿದ್ದ ಅನಂತರಾಜುವಿನ ಮಾನ ಹೋದದ್ದು ಕೋರ್ಟಿನಲ್ಲಲ್ಲ. ನಿವೃತ್ತನಾಗಿ ಊರು ಸೇರಿದ ಮೇಲೆ, ಊರೆಲ್ಲ ನೋಡುತ್ತಿರುವಾಗ, ಅವನ ಎರಡು ಪಾದಗಳ ದೆಸೆಯಿಂದ ಹೋಯಿತು.

ಗುಬ್ಬಿ ತಾಲ್ಲೂಕಿನ ಕಡಬದ ಕೆರೆಯ ಕೆಳಗಿನ ಹಳ್ಳಿ ಅವನದು. ನೀರಿನ ಸರದಿ, ಬದುವಿನ ಜಗಳ, ಹೊಲಕ್ಕೆ ನುಗ್ಗಿದ ದನ, ಇಂಥದಕ್ಕೆಲ್ಲ ಆ ಊರಿನವರು ಕೋರ್ಟು ಕಚೇರಿ ಎಂದು ಅಲೆಯುತ್ತಿರಲಿಲ್ಲ. ಊರಿಗೊಬ್ಬ ನ್ಯಾಯಗಾರನಿದ್ದ. ಅವನನ್ನು ನೇಮಿಸುವುದು ಊರ ಮಠದ ಸ್ವಾಮಿಗಳು. ಈಗಿನ ಸ್ವಾಮಿಗಳ ಗುರುಗಳು ನೇಮಿಸಿದ್ದ ಕರಿಸಿದ್ದಪ್ಪ ಹಣ್ಣು ಹಣ್ಣು ಮುದುಕನಾಗಿದ್ದರೂ ಇನ್ನೂ ಅರಳಿಕಟ್ಟೆಯ ಮೇಲೆ ಕೂತು ನ್ಯಾಯ ಹೇಳುತ್ತಿದ್ದ.

ಆ ಬೇಸಿಗೆಯಲ್ಲಿ ಅನಂತರಾಜುವಿನ ಎಳೆ ತೆಂಗಿನ ಸಸಿಗಳು ಬಾಡತೊಡಗಿದ್ದವು. ಕಾಲುವೆಯ ನೀರು ಆ ವಾರ ಪಕ್ಕದ ತೋಟದ ಪುಟ್ಟರಂಗಯ್ಯನದು. ಬೆಳಗಿನ ಜಾವ ಅನಂತರಾಜು ಕಾಲುವೆಯ ಮಣ್ಣಿನ ಅಡ್ಡ ಒಡೆದು ನೀರನ್ನು ತನ್ನ ತೋಟಕ್ಕೆ ತಿರುಗಿಸಿಕೊಂಡ. ಬಿಸಿಲೇರುವ ಹೊತ್ತಿಗೆ ಕಟ್ಟೆಯ ಮೇಲೆ ನ್ಯಾಯ ಸೇರಿತು. ಅನಂತರಾಜುವಿಗೆ ಎಳ್ಳಷ್ಟೂ ಅಳುಕಿರಲಿಲ್ಲ. ಎಷ್ಟು ವಕೀಲರ ವಾದ ಕೇಳಿದ್ದಾನೆ ಅವನು! ಕೈ ಹಿಂದೆ ಕಟ್ಟಿ ನಿಂತು, ಕಣ್ಣಾರೆ ಕಂಡ ಸಾಕ್ಷಿ ಎಲ್ಲಿ, ಅಡ್ಡ ತಾನಾಗೇ ಒಡೆದಿರಬಾರದೇಕೆ ಎಂದು ಸೊಗಸಾಗಿ ವಾದಿಸಿದ. ಮುದುಕ ಕೊನೆಯತನಕ ಕೇಳಿಸಿಕೊಂಡ.

"ಅದೆಲ್ಲಾ ಇರ್ಲಿ ಬುಡು ಅನಂತರಾಜು," ಎಂದ. "ಮೊದ್ಲು ಹೋಗಿ ಕಾಲು ತೊಳ್ಕೊಂಡ್ ಬಾ."

ಎಲ್ಲರ ಕಣ್ಣೂ ಅವನ ಕಾಲಿಗೆ ಹೋಯಿತು. ಮೀನಖಂಡದವರೆಗೂ ಕಾಲುವೆಯ ಕಪ್ಪು ಕೆಸರು ಒಣಗಿ ಬಿರುಕು ಬಿಟ್ಟಿತ್ತು. ಗಂಡಸರು ನಕ್ಕರು, ನೀರಿಗೆ ಬಂದಿದ್ದ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಆ ನಗೆಯ ನಡುವೆಯೇ ಅವನು ಬೀದಿ ದಾಟಿ, ನಲ್ಲಿಯಲ್ಲಿ ಕಾಲು ತೊಳೆದುಕೊಂಡು ವಾಪಸ್ಸು ಬಂದು ನಿಲ್ಲಬೇಕಾಯಿತು. ದಂಡ ಹಾಕಿದ್ದರೆ ಕಟ್ಟಿ ಮರೆಯುತ್ತಿದ್ದ. ಮುದುಕ ದಂಡವನ್ನೂ ಹಾಕಲಿಲ್ಲ. ಅದೇ ತೀರ್ಪು ಎನ್ನುವ ಹಾಗೆ ಎದ್ದು ಹೋದ.

ಆಮೇಲೆ ಆ ಮಾತು ಅವನನ್ನು ಬಿಡಲಿಲ್ಲ. ಗುಬ್ಬಿಯ ಬಸ್ ಸ್ಟ್ಯಾಂಡಿನಲ್ಲಿ ಟೀ ಕುಡಿಯುತ್ತಿದ್ದರೆ ಗುರುತಿನವನೊಬ್ಬ, "ಏನಣ್ಣ, ಕಾಲು ತೊಳ್ಕೊಂಡ್ಯಾ?" ಎಂದ. ನಾಲ್ಕು ದಿನ ತಲೆ ಮರೆಸಿಕೊಂಡು ಇರೋಣವೆಂದು ಕುಣಿಗಲ್ ಕಡೆ ಅಮೃತೂರಿನ ಅಕ್ಕನ ಮನೆಗೆ ಹೋದ. ಬಾಗಿಲಲ್ಲಿ ಅಕ್ಕ ಎಂದಿನಂತೆ ಚೊಂಬಿನಲ್ಲಿ ನೀರು ಕೊಟ್ಟು, "ಕಾಲು ತೊಳ್ಕೊಂಡ್ ಒಳಗೆ ಬಾರೋ," ಎಂದಳು. ಪಾಪ, ಅವಳಿಗೆ ಏನೂ ಗೊತ್ತಿರಲಿಲ್ಲ. ಅನಂತರಾಜುವಿನ ಕಣ್ಣಲ್ಲಿ ನೀರು ಬಂತು. ತಪ್ಪು ತನ್ನದೇ ಎಂದು ಅವನಿಗೆ ಗೊತ್ತಿತ್ತು. ನಾಚಿಕೆ ಹೆಚ್ಚಾಗಿ ಉರಿಯುತ್ತಿದ್ದುದೂ ಅದಕ್ಕೇ.

ನಾಚಿಕೆಗೆ ಒಂದು ಮದ್ದನ್ನು ಅವನು ತಾನೇ ಕಂಡುಹಿಡಿದುಕೊಂಡ. ಯಾವ ಕಟ್ಟೆಯ ಕೆಳಗೆ ನಿಂತು ನಗೆಪಾಟಲಾದನೋ ಅದೇ ಕಟ್ಟೆಯ ಮೇಲೆ ಕೂರಬೇಕು. ಮೂವತ್ತು ವರ್ಷ ಜಡ್ಜುಗಳ ಪೀಠದ ಕೆಳಗೆ ಕೂತು ಬಂದವನಿಗೆ ಈ ಆಸೆ ಹೊಸದೂ ಅಲ್ಲ. ಆದರೆ ಕಾಲುವೆ ಒಡೆದವನನ್ನು ಸ್ವಾಮಿಗಳು ನೇಮಿಸುವುದುಂಟೆ? ಹಾಗಾಗಿ ನೇಮಕವೇ ತಪ್ಪು ಎಂದು ಅವನಿಗೆ ಖಾತ್ರಿಯಾಯಿತು.

"ನ್ಯಾಯ ಹೇಳೋನ್ನ ಮೇಲಿಂದ ಯಾರೋ ಕೂರಿಸೋದಲ್ಲ, ನಾವೇ ಓಟು ಹಾಕಿ ಕೂರಿಸ್ಬೇಕು," ಎಂದು ಊರ ಸಭೆಯಲ್ಲಿ ಎದ್ದು ಹೇಳಿದ. "ನಾಳೆ ಮಠದ ಜಮೀನಿಂದೇ ಜಗಳ ಬಂತು ಅನ್ನಿ. ಮಠ ನೇಮಿಸಿದೋನು ಮಠಕ್ಕೆ ಹೆಂಗೆ ದಂಡ ಹಾಕ್ತಾನೆ?"

ಪುಟ್ಟರಂಗಯ್ಯ ಕೂಡ ಹೌದೆಂದು ತಲೆಯಾಡಿಸಿದ. ಕರಿಸಿದ್ದಪ್ಪ ಕೋಲಿನ ಮೇಲೆ ಗದ್ದ ಊರಿ ಕೇಳಿದ. "ಓಟು ಹಾಕಿ ಕೂರಿಸಿದೋರಿಗೆ ಹೆಂಗಪ್ಪಾ ದಂಡ ಹಾಕ್ತಾನೆ? ಜಗಳ ತಂದೋನ ಕಡೆ ಎಷ್ಟು ಮನೆ ಅವೆ ಅಂತ ನೋಡ್ತಾನಾ, ನೀರು ಯಾರ್ದು ಅಂತ ನೋಡ್ತಾನಾ?"

ಮುದುಕನ ಮಾತಿನಲ್ಲಿ ಹುರುಳಿದೆ ಎಂದು ಅನಂತರಾಜುವಿಗೆ ಒಳಗೊಳಗೇ ಅನ್ನಿಸಿತು. ಅಷ್ಟರಲ್ಲಿ ಮುದುಕನೇ, "ಆಗ್ಲಿ, ಒಂದ್ಸಲ ಅದೂ ನೋಡನ. ನನಗೂ ಕಣ್ಣು ಮಂಜಾಯ್ತು," ಎಂದ. ಅವನ ಮಗ ಪ್ರಭುದೇವ ಒಬ್ಬನೇ, "ಯಾಕಪ್ಪಾ ಒಪ್ತೀಯ? ಸ್ವಾಮಿಗಳು ಕೊಟ್ಟಿರೋ ಜಾಗ ಅದು," ಎಂದು ಸಿಡುಕಿ ಎದ್ದು ಹೋದ. ಸ್ವಾಮಿಗಳು ಊರಿನ ಇಷ್ಟ ಎಂದರು. ಓಟಿಗೆ ನಿಂತದ್ದು ಇಬ್ಬರು, ಕರಿಸಿದ್ದಪ್ಪ ಮತ್ತು ಅನಂತರಾಜು.

ಮೊದಮೊದಲು ಅನಂತರಾಜು ನೆಟ್ಟಗೆ ಗೆಲ್ಲುವ ಯೋಚನೆಯಲ್ಲೇ ಇದ್ದ. ಆದರೆ ದಿನ ಹತ್ತಿರ ಬಂದ ಹಾಗೆ ಊರಿನ ಮುಖ ಬದಲಾಯಿತು. ಅವನು ಬಂದರೆ ಜಗಲಿಯ ಮೇಲಿನ ಮಾತು ನಿಂತುಹೋಗುತ್ತಿತ್ತು. ಓಟಿನ ವಿಷಯ ಎತ್ತಿದರೆ ಪುಟ್ಟರಂಗಯ್ಯ ನೆಲ ನೋಡಿಕೊಂಡು, "ನೋಡನ ಬುಡಣ್ಣ," ಎನ್ನುತ್ತಿದ್ದ. ಹೆಂಡತಿ ಪ್ರಮೀಳಾ ಕೂಡ ಏನನ್ನೋ ನುಂಗಿಕೊಂಡು ಮುಸಿಮುಸಿ ನಗುವಳು. ಇನ್ನೇನು ಬೇಕು? ಇವರೆಲ್ಲ ಸೇರಿ ಇನ್ನೊಂದು ಸಲ ನಗುವುದಕ್ಕೆ ಕಾಯುತ್ತಿದ್ದಾರೆ ಎಂದು ಅವನಿಗೆ ಅರ್ಥವಾಯಿತು. ಇನ್ನೊಮ್ಮೆ ಆ ನಗೆ ಕೇಳಿದರೆ ತಾನು ಈ ಊರಿನಲ್ಲಿ ಬದುಕಲಾರೆ ಎನ್ನಿಸಿತು.

ಓಟು ಕದಿಯುವ ಯೋಚನೆ ಬಂದದ್ದು ಆಗ. ಬಂದ ಮೊದಲ ದಿನ ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಮಾರನೆಯ ದಿನ ಉಪಾಯ ಎಷ್ಟು ಅಚ್ಚುಕಟ್ಟಾಗಿದೆ ಎಂದು ಕಂಡು ಹೇಸಿಗೆ ಸ್ವಲ್ಪ ಹಿಂದೆ ಸರಿಯಿತು. ಓಟಿನ ಕಳ್ಳರು ಸಿಕ್ಕಿಬೀಳುವುದು ಎಲ್ಲಿ? ಹೆಚ್ಚು ಹಾಕುತ್ತಾರೆ, ಇಲ್ಲವೇ ಇದ್ದದ್ದನ್ನು ತೆಗೆಯುತ್ತಾರೆ, ಲೆಕ್ಕ ತಾಳೆಯಾಗುವುದಿಲ್ಲ. ಅವನು ಒಂದು ಓಟನ್ನೂ ಮುಟ್ಟುವುದಿಲ್ಲ. ಅದು ಯಾರದು ಎನ್ನುವುದನ್ನಷ್ಟೇ ಬದಲಿಸುತ್ತಾನೆ.

ಓದಲು ಬಾರದ ಹಿರಿಯರಿಗೆ ಚೀಟಿಯಿಂದ ತೊಂದರೆ ಎಂದು ಅವನೇ ಸಭೆಯಲ್ಲಿ ಸೂಚಿಸಿದ. ಮನೆಗೊಂದು ಅಡಿಕೆ. ಮಠದ ಒಳಕೋಣೆಯಲ್ಲಿ ಎರಡು ಕೊಡ. ಕರಿಸಿದ್ದಪ್ಪನ ಕೊಡಕ್ಕೆ ಬಿಳಿ ಸೇವಂತಿಗೆಯ ಹಾರ, ತನ್ನ ಕೊಡಕ್ಕೆ ಕನಕಾಂಬರದ ಹಾರ. ಬಾಯಿಗೆ ಬಟ್ಟೆ ಬಿಗಿದು, ಅಡಿಕೆ ತೂರುವಷ್ಟು ಸೀಳು ಬಿಟ್ಟರಾಯಿತು. ಎಂಥ ತಲೆ ನಿನ್ನದು ಎಂದರು ಎಲ್ಲರೂ. ಅವನೇ ತುಮಕೂರಿಗೆ ಹೋಗಿ, ಒಂದರ ಪಕ್ಕ ಒಂದಿಟ್ಟರೆ ಅಕ್ಕಸಾಲಿಗೂ ಬೇರೆ ಮಾಡಲು ಬಾರದಂಥ ಎರಡು ತಾಮ್ರದ ಕೊಡ ಆರಿಸಿ ತಂದು ಮಠಕ್ಕೆ ಕಾಣಿಕೆ ಕೊಟ್ಟ. ಹಾರಗಳನ್ನು ಕಟ್ಟಿಸಿದ್ದೂ ಅಲ್ಲಿಯೇ, ಕೊಡದ ಬಾಯಿಯಿಂದ ಸಲೀಸಾಗಿ ದಾಟುವಷ್ಟು ಸಡಿಲವಾಗಿ.

ಮತದಾನದ ದಿನ ಬೆಳಿಗ್ಗೆ ಕೊಡಗಳನ್ನು ಹುಣಸೆಹಣ್ಣಿನಿಂದ ಬೆಳಗಿ, ಅರಿಶಿನ ಕುಂಕುಮ ಇಟ್ಟು, ಹಾರ ಹಾಕಿ, ದೀಪ ಹಚ್ಚಿದ್ದು ಹೆಂಗಸರು. ಪ್ರಮೀಳಾ ಮುಂದೆ ನಿಂತು ಮಾಡಿಸಿದಳು. ಆ ಕೆಲಸದಲ್ಲಿ ಅವನು ತಲೆಹಾಕಲಿಲ್ಲ. ಮಂದಿ ಒಬ್ಬೊಬ್ಬರಾಗಿ ಒಳಗೆ ಹೋಗಿ ಮೇಲಿನಿಂದಲೇ ಅಡಿಕೆ ಹಾಕಿ ಕೈಮುಗಿದು ಬಂದರು. ಊಟದ ಹೊತ್ತಿಗೆ ಓಟು ಮುಗಿಯಿತು. ಮಠದ ಪಡಸಾಲೆಯಲ್ಲಿ ಎಲೆ ಹಾಕಿದರು. ಎಣಿಕೆ ಊಟವಾದ ಮೇಲೆ.

ಕೋಣೆಯ ಮುಂಬಾಗಿಲು ಪಡಸಾಲೆಗೆ ಕಾಣುತ್ತಿತ್ತು. ಹಿಂಬಾಗಿಲು ತೆಂಗಿನ ತೋಟದ ಕಡೆಗೆ. ಪೂಜೆಗೆ ನೀರು ತರುವವರ ಬಾಗಿಲು ಅದು, ಅಗುಳಿ ಹಾಕಿದ್ದನ್ನು ಯಾರೂ ಕಂಡಿರಲಿಲ್ಲ. ಅನಂತರಾಜು ಮೊದಲ ಪಂಕ್ತಿಯಲ್ಲಿ ಕೂತ. ಹುಳಿ ಅನ್ನ ಉಂಡು, ಪಾಯಸಕ್ಕೆ ಸಕ್ಕರೆ ಕಾಯಿಲೆಯ ನೆಪ ಹೇಳಿ ಎಲ್ಲರಿಗಿಂತ ಮೊದಲು ಎದ್ದ. ಹಿಂಬಾಗಿಲ ಪಕ್ಕದ ತೊಟ್ಟಿಯ ಹತ್ತಿರ ಕೈ ತೊಳೆದ. ಕಾಲನ್ನಂತೂ ಎರಡೆರಡು ಸಲ ತೊಳೆದ, ಬೆರಳ ಸಂದಿ ಬಿಡದೆ ಟವೆಲ್ಲಿನಲ್ಲಿ ಒರೆಸಿದ. ಒಂದು ಸಲ ಪೆಟ್ಟು ತಿಂದವನು ಅವನು. ನೆಲದ ಮೇಲೆ ಮಣ್ಣಿನ ಒಂದು ಕಣವೂ ಬೀಳಬಾರದು.

ಹಿಂಬಾಗಿಲು ತಳ್ಳಿ ಒಳಗೆ ಹೋದ. ಕೋಣೆಯಲ್ಲಿ ಕತ್ತಲು. ದೀಪ ಆರಿಹೋಗಿತ್ತು. ಹಾರಗಳ ಬಿಳಿ ಒಂದು ಕಡೆ, ಕೇಸರಿ ಒಂದು ಕಡೆ ಮಸುಕಾಗಿ ಕಂಡವು. ಯಾವ ಕೊಡ ಭಾರ ಎಂದು ಎತ್ತಿ ನೋಡುವ ಚಪಲವಾಯಿತು. ಎತ್ತಲಿಲ್ಲ. ತಾಮ್ರದೊಳಗೆ ಅಡಿಕೆ ಉರುಳಿದರೆ ಪಡಸಾಲೆಗೆಲ್ಲ ಕೇಳುತ್ತದೆ. ಅಲ್ಲದೆ ನೋಡುವುದೇನಿದೆ? ಗೊತ್ತೇ ಇದೆಯಲ್ಲ. ಎರಡು ಕೈಯಿಂದ ಕನಕಾಂಬರವನ್ನು ಮೆಲ್ಲಗೆ ಬಿಡಿಸಿ ಪಕ್ಕಕ್ಕಿಟ್ಟ, ಸೇವಂತಿಗೆಯನ್ನು ಬಿಡಿಸಿ ಇದಕ್ಕೆ ಹಾಕಿದ, ಕನಕಾಂಬರವನ್ನು ಅದಕ್ಕೆ. ಕೊಡದ ಕಂಠದ ಸುತ್ತ ಬೆರಳಾಡಿಸಿ ಹೂವನ್ನು ಮೊದಲಿದ್ದ ಹಾಗೇ ಹೊಂದಿಸಿದ. ಒಂದು ಎಸಳೂ ಉದುರಲಿಲ್ಲ. ಹಿಂಬಾಗಿಲಿನಿಂದಲೇ ಹೊರಬಂದ. ಗೆದ್ದೆ ಎಂದುಕೊಂಡ. ಖುಷಿಯಾಗಲಿಲ್ಲ. ಚಿಕ್ಕಂದಿನಲ್ಲಿ ಇದೇ ಮಠದಲ್ಲಿ ಬೆಲ್ಲ ಕದ್ದು ತಿಂದ ದಿನ ನೆನಪಾಯಿತು. ಬೇಗ ಬೇಗ ಕಟ್ಟೆಯ ಹತ್ತಿರ ಬಂದು, ಕೋರ್ಟಿನಲ್ಲಿ ನಿಂತು ರೂಢಿಯಾದಂತೆ ಕೈ ಹಿಂದೆ ಕಟ್ಟಿ ನಿಂತ.

ಕೊಡಗಳನ್ನು ಕಟ್ಟೆಯ ಮುಂದೆ ತಂದಿಟ್ಟರು. ಮೊದಲು ಕನಕಾಂಬರದ್ದು ಬಿಚ್ಚಿದರು. ಚಾಪೆಯ ಮೇಲೆ ಆರೇಳು ಅಡಿಕೆ ಬಿದ್ದವು, ಅಷ್ಟೇ. ಸೇವಂತಿಗೆಯ ಕೊಡ ಬೋರಲು ಹಾಕಿದಾಗ ಅಡಿಕೆ ಸುರಿದು ರಾಶಿಯಾಯಿತು.

ಅನಂತರಾಜು ರಾಶಿಯನ್ನೂ ಹಾರವನ್ನೂ ನೋಡಿದ. ಇದು ಹೇಗೆ? ತಾನು ಬದಲಿಸಿದ್ದು ಸುಳ್ಳೇ? ಈಗ ನಗೆ ಬರುತ್ತದೆ ಎಂದು ತಲೆ ತಗ್ಗಿಸಿ ಕಾದ. ಬರಲಿಲ್ಲ. ತಲೆಯೆತ್ತಿ ನೋಡಿದರೆ ಊರೆಲ್ಲ ಬೆಪ್ಪಾಗಿ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು.

"ಇದೆಂಗಾಯ್ತು?" ಎಂದ ಪುಟ್ಟರಂಗಯ್ಯ. "ನಾನು ಹಾಕಿದ್ದು ಕನಕಾಂಬರಕ್ಕೆ."

"ನಾನೂ ಅದಕ್ಕೇ." "ನಮ್ಮ ಬೀದಿಯೋರೆಲ್ಲ ಅದಕ್ಕೇ ಹಾಕಿದ್ದು."

ಅನಂತರಾಜುವಿನ ಬೆನ್ನ ಹಿಂದೆ ಕಟ್ಟೆಯ ಮೇಲೆ ಕೂತಿದ್ದ ಕರಿಸಿದ್ದಪ್ಪ ನಿಧಾನವಾಗಿ ಹೇಳಿದ. "ನಾನೂ ಕನಕಾಂಬರಕ್ಕೇ ಹಾಕಿದ್ದು."

ಪುಟ್ಟರಂಗಯ್ಯ ಅನಂತರಾಜುವಿನ ಕಡೆ ತಿರುಗಿದ. ಈಗ ಅವನು ನೆಲ ನೋಡಲಿಲ್ಲ. "ಕರಿಸಿದ್ದಪ್ಪ ಯಜಮಾನ್ರು ಮನೆಮನೆಗೂ ಬಂದು ನಿನಗೇ ಹಾಕಿ ಅಂತ ಕೇಳ್ಕೊಂಡ್ರು ಕಣಣ್ಣ. 'ಅವತ್ತು ನಾನು ನೀರಿಗೆ ದಂಡ ಹಾಕ್ಬೇಕಿತ್ತು, ಅವ್ನ ಮರ್ಯಾದೆಗೆ ಹಾಕ್ಬಿಟ್ಟೆ' ಅಂದ್ರು. ಕಾನೂನು ಬಲ್ಲೋನು, ಒಂದ್ಸಲ ತಪ್ಪಿದೋನು ಇನ್ನೊಂದ್ಸಲ ತಪ್ಪಲ್ಲ ಅಂದ್ರು. ಅವ್ನಿಗೆ ಹೇಳ್ಬೇಡಿ, ನೊಂದ್ಕೊತಾನೆ ಅಂತಲೂ ಅಂದ್ರು. ಪ್ರಮೀಳಕ್ಕನಿಗೂ ಗೊತ್ತಿತ್ತು."

ಅನಂತರಾಜುವಿಗೆ ನಿಂತಲ್ಲೇ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಊರು ಅವನನ್ನು ಆರಿಸಿತ್ತು. ಊರು ತಾನಾಗೇ ಕೊಟ್ಟದ್ದನ್ನು ಅವನು ಕದಿಯಲು ಹೋಗಿ, ತನ್ನ ಕೈಯಾರೆ ತೆಗೆದು ಮುದುಕನ ಕೊರಳಿಗೆ ಹಾಕಿದ್ದ.

"ಯಾರೋ ಹಾರ ಬದ್ಲಾಯಿಸವ್ರೆ," ಎಂದು ಯಾರೋ ಕೂಗಿದರು. "ಪ್ರಭುದೇವ ಊಟಕ್ಕೆ ಕೂತಿರ್ಲಿಲ್ಲ. ತೋಟದ ಕಡೆನೇ ಓಡಾಡ್ತಿದ್ದ." ಮಂದಿ ಪ್ರಭುದೇವನನ್ನು ಸುತ್ತಿಕೊಂಡಿತು. ಅವನ ಮುಖ ಬಿಳಿಚಿಕೊಂಡಿತು. "ಸಿಟ್ಟಿತ್ತು, ಅದಕ್ಕೇ ಉಣ್ಲಿಲ್ಲ. ಮಠದ ಒಳಗೆ ಹೋಗಿದ್ರೆ ನನ್ನ ಕೈ ಸೇದೋಗ್ಲಿ," ಎಂದ. ಯಾರೂ ನಂಬಲಿಲ್ಲ.

"ಅನಂತರಾಜಣ್ಣ, ನಮ್ಮ ನ್ಯಾಯಗಾರ ನೀನೇ," ಎಂದ ಪುಟ್ಟರಂಗಯ್ಯ. "ಇದರ ನ್ಯಾಯಾನೂ ನೀನೇ ಹೇಳು."

ಹೇಳಿಬಿಡು ಎಂದಿತು ಅವನ ಮನಸ್ಸು. ಒಂದು ಮಾತು, ಮುಗಿದುಹೋಗುತ್ತದೆ. ಗುಂಪಿನ ಅಂಚಿನಲ್ಲಿ ಪ್ರಮೀಳಾ ಅವನನ್ನೇ ನೋಡುತ್ತಿದ್ದಳು, ಅವಳ ಕಣ್ಣಲ್ಲಿ ಹೆಮ್ಮೆಯಿತ್ತು. ಆ ಕಣ್ಣನ್ನು ಕಂಡು ಅವನಿಗೆ ಹೇಳಲಾಗಲಿಲ್ಲ. ಕೈ ಹಿಂದೆ ಇನ್ನಷ್ಟು ಬಿಗಿದುಕೊಂಡು, ಜಡ್ಜುಗಳ ಬಾಯಲ್ಲಿ ಮೂವತ್ತು ವರ್ಷ ಕೇಳಿದ್ದ ದನಿಯಲ್ಲಿ, "ಪ್ರಭುದೇವ, ಮುಂದಕ್ಕೆ ಬಾ," ಎಂದ.

ಆಗ ಕರಿಸಿದ್ದಪ್ಪ ಕೋಲೂರಿ ಕಟ್ಟೆಯಿಂದ ಇಳಿದು ಅವನ ಬೆನ್ನ ಹತ್ತಿರ ಬಂದ. ಈ ಸಲ ಊರಿಗೆ ಕೇಳಿಸುವ ಹಾಗೆ ಹೇಳಲಿಲ್ಲ, ಅವನ ಕಿವಿಗಷ್ಟೇ ಹೇಳಿದ. "ಅನಂತರಾಜು, ಹೋಗಿ ಕೈ ತೊಳ್ಕೊಂಡ್ ಬಾ." ಅನಂತರಾಜು ತಡೆಯಲಾರದೆ ಕೈಗಳನ್ನು ಮುಂದಕ್ಕೆ ತಂದು ನೋಡಿಕೊಂಡ. ಗಂಡ ಗೆಲ್ಲಲಿ ಎಂದು ಪ್ರಮೀಳಾ ಬೆಳಿಗ್ಗೆ ಎರಡು ಕೊಡಗಳ ಕಂಠಕ್ಕೂ ಧಾರಾಳವಾಗಿ ಬಳಿದಿದ್ದ ಹಸಿ ಅರಿಶಿನ, ನೀರು ಚಿಮುಕಿಸಿದ ಹೂವಿನಡಿ ಒಣಗದೆ ಉಳಿದದ್ದು, ಅವನ ಬೆರಳುಗಳಿಗೂ ಉಗುರುಗಳಿಗೂ ಮೆತ್ತಿಕೊಂಡಿತ್ತು. ಹುಳಿ ಅನ್ನ ಉಂಡ ಬಣ್ಣ ಎನ್ನಲು ಬಾಯಿ ತೆರೆದ. ಮುದುಕ ಅವನ ಎಡಗೈಯನ್ನು ನೋಡುತ್ತ, "ಎರಡೂ ಕೈ," ಎಂದ. ಎದುರಿಗಿದ್ದವರೂ ಆ ಹಳದಿ ಎಡಗೈಯನ್ನು ನೋಡಿದರು, ಪ್ರಮೀಳಾಳೂ ನೋಡಿದಳು. ಅನಂತರಾಜು ಬೀದಿ ದಾಟಿ ನಲ್ಲಿಯ ಕಡೆ ನಡೆದ. ಈ ಸಲ ಯಾರೂ ನಗಲಿಲ್ಲ.