ಮಂಡಿನೋವಿನ ಮಂಗಳವಾರಗಳು

"ಮಂಡಿಯೂರಿದ್ರೆ ಈಗ್ಲೂ ನೋವಾ?"

"ಹೂಂ ಮೇಡಂ, ಸ್ವಲ್ಪ."

ಪರಮೇಶ್ ಹೀಗೆನ್ನುವಾಗ ಕಣ್ಣು ನನ್ನ ಮುಖದ ಮೇಲೆ, ಮಂಡಿಯ ಮೇಲಲ್ಲ. ನಾನು ಶಿವಮೊಗ್ಗದ ನರ್ಸಿಂಗ್ ಹೋಮೊಂದರಲ್ಲಿ ಫಿಸಿಯೋಥೆರಪಿಸ್ಟ್. ಅವರು ಭದ್ರಾವತಿಯ ಫೌಂಡ್ರಿಯಲ್ಲಿ ಎರಕದ ಅಚ್ಚು ಕಟ್ಟುವವರು. ಬೈಕಿನಿಂದ ಬಿದ್ದು ಮಂಡಿಯ ಕೆಳಗಿನ ಉದ್ದ ಮೂಳೆ ಮುರಿದು ವರ್ಷದ ಮೇಲಾಗಿತ್ತು. ಮೂಳೆ ಕೂಡಿಕೊಂಡರೂ ನೋವು ಹೋಗಿಲ್ಲ, ಅದಕ್ಕೇ ಸ್ಟೋರಿನಲ್ಲಿ ಕೂರಿಸಿದ್ದಾರೆ ಎನ್ನುತ್ತಿದ್ದರು. ವಾರದ ರಜೆಯೆಂದು ಮಂಗಳವಾರ ಬಸ್ಸು ಹತ್ತಿ ಬರುತ್ತಿದ್ದರು.

ನಿಜ ಹೇಳುತ್ತೇನೆ, 'ನೋವಿದೆ' ಎಂದಾಗ ನನಗೆ ಒಳಗೊಳಗೇ ಹಿಗ್ಗು. ಇನ್ನೊಂದು ಮಂಗಳವಾರ ಸಿಕ್ಕಿತಲ್ಲ! ಮರುಗಳಿಗೆ, ಥೂ, ನಾನೆಂಥ ಹೆಣ್ಣು ಎಂದು ನಾಚಿಕೆ. ಆ ನೋವಿಗೆ ನಾನೇ ಕಾರಣ ಎಂದುಕೊಂಡಿದ್ದೆ.

ನಮ್ಮ ಸರ್ಜನ್ ಡಾಕ್ಟರ್ ಹುಲಿಯಪ್ಪನವರು ಮುರಿದ ಮೂಳೆ ಕೂಡಲೆಂದು ಅದರೊಳಗೆ ರಾಡ್ ಹಾಕುವುದು ಮಂಡಿಚಿಪ್ಪಿನ ಕೆಳಗಿನ ಸ್ನಾಯುಪಟ್ಟಿಯನ್ನು ನಡುವೆ ಸೀಳಿ. ಪರಮೇಶ್ ಅವರ ಆಪರೇಷನ್ ದಿನ ನಾನೇ ಅಡ್ಡಬಾಯಿ ಹಾಕಿದ್ದೆ.

"ಸರ್, ಇವರು ದಿನವಿಡೀ ಮರಳಲ್ಲಿ ಮಂಡಿಯೂರಿ ಕೆಲಸ ಮಾಡೋರು. ಪಟ್ಟಿ ಸೀಳಿದ್ರೆ ಆಮೇಲೆ ಮಂಡಿಯೂರೋಕೆ ನೋವಾಗುತ್ತೆ, ಪಕ್ಕಕ್ಕೆ ಸರಿಸಿ ರಾಡ್ ಹಾಕಿ."

"ನೀನ್ಯಾವಾಗಮ್ಮ ಸರ್ಜನ್ ಆದೆ?" ಎಂದು ಗೊಣಗಿದರೂ ಹಾಗೆಯೇ ಮಾಡಿದ್ದರು. ನೋವು ಹೋಗದೇ ಇದ್ದಾಗ ನನ್ನ ಆ ಸಲಹೆಯೇ ಎಡವಟ್ಟಾಯಿತು ಎನ್ನಿಸಿತ್ತು.

ಈಗ ಅದೇ ಡಾಕ್ಟರು ಎಕ್ಸ್‌ರೇ ನೋಡಿ, "ಇನ್ನೂ ನೋವಿದೆ ಅಂದ್ರೆ ರಾಡೇ ಚುಚ್ತಿರ್ಬೇಕು. ಸೋಮವಾರ ಅಡ್ಮಿಟ್ ಆಗ್ಲಿ, ರಾಡ್ ತೆಗೆದುಬಿಡೋಣ" ಎಂದರು.

ಪರಮೇಶ್‌ಗೆ ಇದನ್ನು ಹೇಳುವಾಗ ಅಳು ತಡೆಯಲಾಗಲಿಲ್ಲ. "ಪಕ್ಕದಿಂದ ಹಾಕಿ ಅಂದೋಳು ನಾನೇ. ನನ್ನಿಂದ ನಿಮಗೆ ಇನ್ನೊಂದು ಆಪರೇಷನ್."

ಅವರ ಮುಖ ಬಿಳಿಚಿಕೊಂಡಿತು. ಎದ್ದವರೇ ಬರಿ ನೆಲದ ಮೇಲೆ ಎರಡೂ ಮಂಡಿಯೂರಿಬಿಟ್ಟರು.

"ನೋವಿಲ್ಲ ಮಾರಾಯ್ತಿ! ಮೂರು ತಿಂಗಳಿಂದ ಹೀಗೇ ಕೂತು ಅಚ್ಚು ಕಟ್ತಿದೀನಿ. ನೋವಿಲ್ಲ ಅಂದ್ರೆ ಬರೋದು ಬೇಡ ಅಂತಿದ್ರಲ್ಲ... ನಿಮ್ಮನ್ನ ನೋಡ್ದೆ ನಂಗೆ ವಾರ ಕಳೆಯಲ್ಲ."

ಮೂರು ತಿಂಗಳು ನನ್ನನ್ನು ನಾನೇ ಬೈದುಕೊಂಡಿದ್ದೆ. ಹೊಡೆಯಬೇಕು ಎನ್ನಿಸಿತು. ಅಪ್ಪಿಕೊಳ್ಳಬೇಕು ಅಂತಲೂ ಎನ್ನಿಸಿತು.

"ಮಹಾ ಸುಳ್ಳ ನೀವು! ಏಳಿ ಮೇಲೆ."

ಅವರೆದುರೇ ಫೈಲು ತೆರೆದು ಬರೆದೆ: ನೋವಿಲ್ಲ. ಇನ್ನು ಬರಬೇಕಾಗಿಲ್ಲ.

"ಅಂದ್ರೆ... ಮುಗೀತಾ?" ಎಂದು ಫೈಲಿನೊಳಗೆ ಇಣುಕಿದರು.

"ಪೇಷೆಂಟಾಗಿ ಮುಗೀತು. ಬರೋ ಮಂಗಳವಾರ ನಾನು ರಜೆ ಹಾಕಿ ಭದ್ರಾವತಿಗೆ ಬರ್ತೀನಿ. ಹತ್ತೂವರೆಗೆ ಬಸ್ ಸ್ಟ್ಯಾಂಡಲ್ಲಿರಿ. ಕುಂಟ್ತಾ ಬಂದ್ರೆ ಮಾತ್ರ ಅದೇ ಬಸ್ಸಿಗೆ ವಾಪಸ್ ಹತ್ತಿಬಿಡ್ತೀನಿ."