ಕೌದಿಯ ಕೆಳಗಿನ ಕೊಂಡಿ

“ಕೊಂಡಿ ಎಲ್ಲೂ ಸಿಗವಲ್ಲವು,” ಎಂದು ಶುಭಂ ಕಾರಿನ ಹಿಂದಿನ ಸೀಟಿನ ಸಂದಿಯಿಂದ ಕೈ ಹೊರತೆಗೆದ. ಅಕ್ಕಲಕೋಟದಲ್ಲಿ ಬಾಣಂತನ ಮುಗಿಸಿಕೊಂಡ ಅವನ ಹೆಂಡತಿ ಪ್ರಾಜಕ್ತಾ ಕೂಸಿನೊಡನೆ ಸೊಲ್ಲಾಪುರದ ಗಂಡನ ಮನೆಗೆ ಹೊರಟು ನಿಂತಿದ್ದಳು. ಅವಳ ಅಣ್ಣ ಕೊಟ್ಟ ಕೂಸಿನ ಸೀಟು ಅಂಗಳದಲ್ಲೇ ಉಳಿದಿತ್ತು. ಅದನ್ನು ಸಿಕ್ಕಿಸಲು ಕಾರಿನಲ್ಲಿ ಎರಡು ಕಬ್ಬಿಣದ ಕೊಂಡಿಗಳಿರಬೇಕಿತ್ತು. ಬೀಗರ ಮನೆಯವರೆಲ್ಲ ಒಬ್ಬೊಬ್ಬರಾಗಿ ತಲೆ ತೂರಿಸಿ ಸಲಹೆ ಕೊಟ್ಟರು, ಸಲಹೆಗೇನು ಬರ! ಕೈಗೆ ಸಿಕ್ಕಿದ್ದು ಮಾತ್ರ ಬರೀ ಕೌದಿ.

ಆ ಕೌದಿ, ಕೂಸನ್ನು ಕರೆದೊಯ್ಯಲು ಮಗನ ಜೊತೆ ಬಂದಿದ್ದ ಶುಭಂನ ತಾಯಿ ನೀಲಗಂಗಾಳದು. ತೀರಿಹೋದ ಗಂಡನ ಧೋತರಗಳನ್ನು ಪದರಪದರವಾಗಿ ಜೋಡಿಸಿ ಹೊಸ ಕಾರಿನ ಸೀಟಿಗೇ ಬಿಗಿದು ಹೊಲಿದಿದ್ದಳು. ಮೊಮ್ಮಗಳು ಅಜ್ಜನ ಬಟ್ಟೆಯ ಮೇಲೆ, ಅಜ್ಜಿಯ ತೊಡೆಯಲ್ಲಿ ಮನೆಗೆ ಬರಬೇಕು! ಗಂಡ ಹೋದ ಮೇಲೆ ಅವಳ ಹತ್ತಿರ ಕೂತು ಮಾತಾಡಿದವರಿಲ್ಲ. ಮಗ ಕೆಲಸದಿಂದ ಬರುತ್ತಿದ್ದ, ಉಂಡು ಮಲಗುತ್ತಿದ್ದ. ಹಗಲೆಲ್ಲ ಅವಳ ದನಿ ಅವಳಿಗೇ ಕೇಳುವ ಮನೆಯಲ್ಲಿ ಕೂತು ಅವಳು ಕಾದದ್ದು ಈ ಒಂದು ಪ್ರಯಾಣಕ್ಕೆ... ಹೊಲಿಯುವಾಗ ದಬ್ಬಣ ಕಬ್ಬಿಣಕ್ಕೆ ತಾಗಿತ್ತು. ಕೂಸಿಗೆ ಚುಚ್ಚೀತೆಂದು ಅಲ್ಲಿ ಇನ್ನೂ ಒಂದೆರಡು ಪದರ ಹಾಕಿ ಮುಚ್ಚಿದ್ದಳು. ಅದು ಏನೆಂದು ಅವಳಿಗೆ ಈಗ ತಿಳಿಯಿತು. ಆದರೂ ನಾಲಿಗೆ ಏಳಲಿಲ್ಲ.

“ನಮ್ಮ ಗಾಡ್ಯಾಗ ಅವು ಇಲ್ಲ ಕಾಣ್ತದ. ಅವ್ವನ ತೊಡಿ ಮ್ಯಾಲ ಇರಲಿ ಬಿಡು,” ಎಂದ ಶುಭಂ, ಕೂಸಿನ ಸೀಟನ್ನು ಎತ್ತಿ ಡಿಕ್ಕಿಗೆ ಹಾಕುತ್ತ.

ಪ್ರಾಜಕ್ತಾಳ ಕಣ್ಣು ತುಂಬಿತು. “ಬ್ರೇಕ್ ಹಾಕಿದ್ರ ಯಾರ ಕೈಯಾಗೂ ಕೂಸು ನಿಲ್ಲೂದಿಲ್ರೀ...” ಎಂದವಳು, ಅತ್ತೆಯ ಆಸೆಗಣ್ಣು ನೋಡಿ ಸೋತಳು. “ಗಟ್ಟಿ ಹಿಡಕೊಳ್ರಿ ಅತ್ತಿ.”

ಹಾಲಿನ ವಾಸನೆಯ ಆ ಬೆಚ್ಚನೆ ಮೈ ತೊಡೆಗೆ ಬಂದಾಗ ನೀಲಗಂಗಾಳ ಎದೆ ತುಂಬಿ ಬಂತು. ದೇವರೇ, ಇಷ್ಟು ಸಾಕು! ಊರು ದಾಟುತ್ತಲೇ ಕಬ್ಬಿನ ಟ್ರ್ಯಾಕ್ಟರೊಂದು ಅಡ್ಡ ತಿರುಗಿತು. ಶುಭಂ ಬ್ರೇಕ್ ಒತ್ತಿದ. ಎರಡೂ ಕೈಯಲ್ಲಿ ಅವುಚಿ ಹಿಡಿದಿದ್ದರೂ ಕೂಸು ಜಾರಿ ಮುಂದಿನ ಸೀಟಿನತ್ತ ಹೋಯಿತು... ಪಕ್ಕದಲ್ಲಿದ್ದ ಪ್ರಾಜಕ್ತಾ ಅಡ್ಡ ಕೈ ಹಾಕಿ ಹಿಡಿದಳು. ಕೂಸಿಗೆ ಏನೂ ಆಗಲಿಲ್ಲ, ಅದು ಅಳಲೂ ಇಲ್ಲ. ಅತ್ತವಳು ನೀಲಗಂಗಾ.

“ಗಾಡಿ ಬಾಜೂಕ ಹಚ್ಚು, ಶುಭಂ.”

“ಯಾಕ ಅವ್ವಾ, ಪೆಟ್ಟಾತೇನು?”

“ಕೊಂಡಿ ಅದಾವ. ಕೌದಿ ಕೆಳಗ ಅದಾವ. ಆಗಲೇ ಗೊತ್ತಾಗಿತ್ತು ನನಗ... ತೊಡಿ ಖಾಲಿ ಆಗ್ತದಂತ ಬಾಯಿ ಬಿಡಲಿಲ್ಲ.”

ಶುಭಂ ಗಾಡಿ ಬದಿಗೆ ನಿಲ್ಲಿಸಿದ. ನೀಲಗಂಗಾ ಕೂಸನ್ನು ಸೊಸೆಯ ಕೈಗಿಟ್ಟು, ಸೀಟಿನ ಮೇಲೆ ಬಗ್ಗಿ, ತಾನೇ ಹಾಕಿದ ಹೊಲಿಗೆಯನ್ನು ಹಲ್ಲಿನಿಂದ ಕಡಿದಳು. ಗಂಡನ ಧೋತರ ಪರ್‍ರೆಂದು ಹರಿಯಿತು. ಒಳಗೆ ಕೊಂಡಿಗಳೆರಡೂ ಹೊಚ್ಚ ಹೊಸದಾಗಿ ಹೊಳೆಯುತ್ತಿದ್ದವು. ಶುಭಂ ಡಿಕ್ಕಿಯಿಂದ ಕೂಸಿನ ಸೀಟು ತಂದು ಸಿಕ್ಕಿಸಿದ.

“ಮನಿಗೆ ಹೋದಮ್ಯಾಲ ಕೂಸು ನಿಮ್ಮ ತೊಡಿ ಮ್ಯಾಲೇ ಇರ್ತದ, ಅತ್ತಿ,” ಎಂದಳು ಪ್ರಾಜಕ್ತಾ. ದನಿಯಲ್ಲಿ ಕನಿಕರವಿತ್ತು, ಸಿಟ್ಟೂ ಇನ್ನೂ ಆರಿರಲಿಲ್ಲ.

ನೀಲಗಂಗಾ ತಲೆಯಾಡಿಸಿದಳು. ಕೂಸು ತನ್ನ ಸೀಟಿನಲ್ಲಿ ಹಿಂದಕ್ಕೆ ಮುಖ ಮಾಡಿ ನಿದ್ದೆ ಹೋಗಿತ್ತು. ಹರಿದ ಕೌದಿಯ ತುಂಡನ್ನು ಅವಳು ಮಡಚಿ ತೊಡೆಯ ಮೇಲಿಟ್ಟುಕೊಂಡಳು. ಸೊಲ್ಲಾಪುರ ಬರುವವರೆಗೂ ಎರಡೂ ಕೈಯಲ್ಲಿ ಅದನ್ನೇ ಗಟ್ಟಿಯಾಗಿ ಹಿಡಿದು ಕೂತಿದ್ದಳು.