ಭಾವನ ದೋಣಿಗೊಂದು ಗಾಡಿ

"ದೋಣಿ ಎಳೆಯೋಕೆ ಯಾವ ಗಾಡಿ ತಗೊಳ್ಳಲಿ ಹೇಳೋ. ಇದೆಲ್ಲ ನಿಂಗೆ ತಾನೆ ಗೊತ್ತಿರೋದು?"

ಭಾವ ಬಂದು ಹೀಗೆ ಕೇಳಿದಾಗ ಸೂಜಿ ತನ್ನ ಶೆಡ್ಡಿನಲ್ಲಿ ಹರಿದ ಹಾಯಿಯೊಂದನ್ನು ತೊಡೆಯ ಮೇಲೆ ಹರಡಿಕೊಂಡು ತೇಪೆ ಹಾಕುತ್ತಿದ್ದ. ಹಾಯಿ ಹೊಲಿಯುವುದು, ದೋಣಿ ರಿಪೇರಿ ಮಾಡುವುದು ಅವನ ಕಸುಬು. ಸೂಜಿ ಎನ್ನುವುದು ದೋಣಿಕಟ್ಟೆಯವರು ಇಟ್ಟ ಹೆಸರು. ಆಳೂ ಹಾಗೇ ತೆಳ್ಳಗೆ, ಮಾತೂ ಹಾಗೇ ಚುಚ್ಚುವಂಥದ್ದು.

ಭಾವ ಕನ್ನಡಕದ ಅಂಗಡಿಯನ್ನು ಮುಚ್ಚಿ, ಬೆಟ್ಟದ ಆಚೆಗಿರುವ ತನ್ನ ತಂಗಿಯ ಊರಿಗೆ ಹೊರಟಿದ್ದ. ಅಲ್ಲಿ ದೊಡ್ಡ ಜಲಾಶಯವಿದೆಯಂತೆ. "ಮತ್ತೆ ಹಾಯಿ ಬಿಚ್ಚೋಣ ಅಂತ ಮನಸ್ಸಾಗಿದೆ ಕಣೋ," ಎಂದ.

ಸೂಜಿಯ ಮೈ ಉರಿದುಹೋಯಿತು. ಅಕ್ಕ ಹೋಗಿ ಎರಡು ವರ್ಷವಾಗಿತ್ತು. ಗಾಳಿ ಏಳುತ್ತದೆಂದು ದೋಣಿಕಟ್ಟೆಯಲ್ಲಿ ಕೆಂಪು ಬಾವುಟ ಏರಿಸಿದ್ದರೂ ಈ ಮಹಾರಾಯ ಅವಳನ್ನು ಇದೇ ದೋಣಿಯಲ್ಲಿ ಕೂರಿಸಿಕೊಂಡು ಹೋಗಿದ್ದ. ಊರಿಗೆಲ್ಲ ಕಣ್ಣು ಸರಿಮಾಡುವವನಿಗೆ ಎದುರಿನ ಬಾವುಟ ಕಾಣಲಿಲ್ಲ. ದೋಣಿ ಮಗುಚಿತು. ಲೈಫ್ ಜಾಕೆಟ್ ಇದ್ದದ್ದು ಭಾವನ ಮೈಮೇಲೆ ಮಾತ್ರ. ಅಕ್ಕನ ಜಾಕೆಟ್ ಎಲ್ಲಿತ್ತು ಎಂದು ಯಾರೂ ಕೇಳಲಿಲ್ಲ, ಸೂಜಿಯೂ ಬಾಯಿ ಬಿಡಲಿಲ್ಲ. ಅದು ಇದೇ ಶೆಡ್ಡಿನ ಮೇಜಿನ ಮೇಲೆ, ಕಿತ್ತುಹೋದ ಪಟ್ಟಿಯೊಂದನ್ನು ಹೊಲಿಸಿಕೊಳ್ಳಲು ಕಾಯುತ್ತ ಬಿದ್ದಿತ್ತು. ನಾಳೆ ಕೊಡ್ತೀನಿ ಅಕ್ಕಾ ಎಂದು ಮೂರು ಸಲ ಹೇಳಿದ್ದ. ಆ ನೆನಪು ಬಂದಾಗಲೆಲ್ಲ ಅವನಿಗೆ ಭಾವನ ಮೇಲಿನ ಸಿಟ್ಟು ಇಮ್ಮಡಿಯಾಗುತ್ತಿತ್ತು.

"ನಾಡಿದ್ದು ಬನ್ನಿ ಭಾವ, ಹೋಗಿ ನೋಡೋಣ," ಎಂದ. ಭಾವ ಅತ್ತ ಹೋಗುವಷ್ಟರಲ್ಲಿ ಇತ್ತ ಯೋಜನೆಯ ಮೊದಲ ಹೊಲಿಗೆ ಬಿದ್ದಿತ್ತು.

ಎಳೆಯುವ ಗಾಡಿಯ ಲೆಕ್ಕ ಸೂಜಿಗೆ ಬಾಯಿಪಾಠ. ಟ್ರೇಲರಿನ ಭಾರದಲ್ಲಿ ಹತ್ತರಲ್ಲೊಂದು ಪಾಲು ಮುಂದಿನ ಕೊಂಡಿಯ ಮೇಲೆ ಕೂರಬೇಕು. ಆಗ ಅದು ಗಾಡಿಯ ಹಿಂದೆ ತೆಪ್ಪಗೆ ಬರುತ್ತದೆ. ಭಾರವೆಲ್ಲ ಹಿಂದಕ್ಕೆ ಸರಿದರೆ ಮೂತಿ ಹಗುರಾಗಿ, ವೇಗ ಏರಿದಂತೆ ಟ್ರೇಲರ್ ಬಾಲ ಅಲ್ಲಾಡಿಸತೊಡಗುತ್ತದೆ. ಎಳೆಯುವುದು ಉದ್ದನೆಯ, ತೂಕದ ಟ್ರಕ್ಕಾದರೆ ತಡೆದುಕೊಳ್ಳುತ್ತದೆ. ಗಿಡ್ಡನೆಯ ಹಗುರ ಗಾಡಿಯಾದರೆ ಬಾಲವೇ ನಾಯಿಯನ್ನು ಎತ್ತಿ ಒಗೆಯುತ್ತದೆ. ಹೊಸಬರು ಗಾಬರಿಯಲ್ಲಿ ಬ್ರೇಕ್ ಒತ್ತುತ್ತಾರೆ, ಅಲ್ಲಿಗೆ ಮುಗಿಯಿತು. ಬೆಟ್ಟದ ಆಚೆಯ ಇಳಿಜಾರಿನಲ್ಲಿ ಹನ್ನೊಂದು ತಿರುವುಗಳಿದ್ದವು.

ಹಳೇ ಗಾಡಿ ಮಾರುವವನ ಅಂಗಳದಲ್ಲಿ ಭಾವನ ಕಣ್ಣು ನೇರವಾಗಿ ಬಿದ್ದದ್ದು ಸರಿಯಾದ ಗಾಡಿಯ ಮೇಲೆಯೇ! ಬಣ್ಣ ಮಾಸಿದ, ಉದ್ದ ಬೆನ್ನಿನ ಡೀಸೆಲ್ ಟ್ರಕ್ಕು. ಸೂಜಿ ಅದರ ಬೆನ್ನಿನ ಮೇಲೆ ಕೈಯಾಡಿಸಿದ.

"ಒಳ್ಳೇದೇ ಭಾವ," ಎಂದ ನಿಧಾನವಾಗಿ. "ಆದ್ರೆ ಇಷ್ಟುದ್ದದ್ದನ್ನ ನೀರಿನ ದಂಡೆಗೆ ಹಿಂದಕ್ಕೆ ತಗೊಳ್ಳೋದು ನಿಮ್ಮಿಂದಾಗುತ್ತಾ? ಅಂಗಡಿ ಮುಂದೆ ಕಾರು ನಿಲ್ಲಿಸೋಕೇ ಅರ್ಧ ಬೀದಿ ಬೇಕು ನಿಮಗೆ."

ಭಾವ ನಕ್ಕ. ಸೂಜಿ ಮೂಲೆಯಲ್ಲಿದ್ದ ಚಿಕ್ಕ ನೀಲಿ ಪಿಕಪ್ಪಿನ ಬಾಗಿಲು ತೆಗೆದು ತೋರಿಸಿದ. ಅವನು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ, ಅವನ ಹೆಮ್ಮೆಯೂ ಅದೇ. ಗಿಡ್ಡ ಗಾಡಿ ಬೇಗ ತಿರುಗುತ್ತದೆ ಎಂದ. ನಿಜ. ಇದರ ಕಾಗದದಲ್ಲಿ ಒಂದೂವರೆ ಟನ್ ಎಳೆಯಬಹುದೆಂದಿದೆ, ನಿಮ್ಮ ದೋಣಿ ಟ್ರೇಲರ್ ಸೇರಿ ಒಂದೂಕಾಲು ಟನ್ ಎಂದ. ಅದೂ ನಿಜ. ಮಾರುವವನು ತಲೆ ಕೆರೆದುಕೊಂಡು, "ಎಳೆಯೋಕಾದ್ರೆ ನಾನು ದೊಡ್ಡದನ್ನೇ..." ಎಂದು ರಾಗ ಎಳೆದ. ಭಾವ ಅವನ ಮಾತನ್ನು ಕತ್ತರಿಸಿ, "ನಮ್ಮ ಭಾಮೈದ ಹೇಳಿದ ಮೇಲೆ ಮುಗೀತು," ಎಂದುಬಿಟ್ಟ.

ಹಿಂದಿನ ಭಾರಕ್ಕೆ ಏನು ತುಂಬಬೇಕೆಂದು ಸೂಜಿ ಒಂದು ವಾರ ಯೋಚಿಸಿದ. ಸೀಸದ ಗಟ್ಟಿಗಳಿಟ್ಟರೆ ಆಮೇಲೆ ಯಾರದಾದರೂ ಕಣ್ಣಿಗೆ ಬೀಳುತ್ತವೆ. ಮರಳಾದರೆ ರಸ್ತೆಯ ತುಂಬ ಚೆಲ್ಲಿ ಸಾಕ್ಷಿ ಹೇಳುತ್ತದೆ. ನೀರು ಹಾಗಲ್ಲ. ದೋಣಿ ಮಗುಚಿದರೆ ಹಿಂಬದಿಯಲ್ಲಿ ಸಾಮಾನು ಇಡುವ ಅಂಕಣದಿಂದ ಹೊರಗೆ ಸುರಿದು, ಬಿಸಿಲಿಗೆ ಆರಿ, ಗುರುತೇ ಉಳಿಯುವುದಿಲ್ಲ. ನಾನೂರು ಲೀಟರು ಸಾಕು. ಅಕ್ಕನನ್ನು ಕೊಂಡುಹೋದ ನೀರೇ ಅವಳ ಪರವಾಗಿ ಕೆಲಸ ಮಾಡಲಿ ಎಂದುಕೊಂಡಾಗ ಅವನಿಗೆ ಅಳುವೇ ಬಂತು.

ಹೊರಡುವ ದಿನ ಬೆಳಿಗ್ಗೆ ಶೆಡ್ಡಿನ ಬಾಗಿಲು ಮುಂದೆ ಮಾಡಿಕೊಂಡು, ಹಿಂಬದಿಯ ಅಂಕಣದೊಳಕ್ಕೆ ನಲ್ಲಿಯ ಪೈಪು ಇಳಿಬಿಟ್ಟ. ಎರಡು ವರ್ಷದಿಂದ ಅವನ ಶೆಡ್ಡಿನಲ್ಲೇ ಟ್ರೇಲರಿನ ಮೇಲೆ ಒಣಗಿ ನಿಂತಿದ್ದ ದೋಣಿ ನೀರಿನ ಸದ್ದಿಗೆ ಎಚ್ಚೆತ್ತ ಹಾಗಾಯಿತು. ಒಳಗೆ ಯಾರೋ ಮಗ್ಗುಲು ಬದಲಿಸಿದಂತೆ ನೀರು ಹಲಗೆಗೆ ಬಡಿಯಿತು. ಗಾಳಿಯೇ ಇಲ್ಲದ ಶೆಡ್ಡಿನಲ್ಲಿ ಮಲಗಿಸಿದ ಹಾಯಿಕಂಬಕ್ಕೆ ಸುತ್ತಿದ್ದ ಹಗ್ಗ ಟಕ್, ಟಕ್ ಎಂದಿತು. ಅಕ್ಕ ಹಾಗೇ ಉಂಗುರದ ಬೆರಳಿನಿಂದ ಅವನ ಮೇಜು ಕುಟ್ಟುತ್ತಿದ್ದಳು. *ಆಯ್ತೇನೋ ನನ್ನ ಜಾಕೆಟ್ಟು?*

"ಆಗುತ್ತೆ ಅಕ್ಕಾ, ಇವತ್ತು ಎಲ್ಲಾ ಆಗುತ್ತೆ," ಎಂದು ಗಟ್ಟಿಯಾಗಿಯೇ ಹೇಳಿದ. ತನ್ನ ದನಿ ಕೇಳಿ ತಾನೇ ಬೆಚ್ಚಿದ. ನಲ್ಲಿ ನಿಲ್ಲಿಸಿದ ಮೇಲೂ ಒಳಗಿನ ನೀರು ಬಹಳ ಹೊತ್ತು ಸುಮ್ಮನಾಗಲಿಲ್ಲ. ಅಂಕಣದ ಮುಚ್ಚಳ ಹಾಕಿ, ಸುತ್ತಲೂ ಒರೆಸಿ, ನೆಲದ ಮೇಲೆ ಒಂದು ಹನಿಯೂ ಇಲ್ಲವೆಂದು ಎರಡೆರಡು ಸಲ ನೋಡಿದ. ಮೂತಿ ಹಗುರಾದದ್ದು ಬೇರೆಯವರ ಕೈಗೆ ತಿಳಿಯಬಾರದೆಂದು ಕೊಂಡಿಯನ್ನೂ ತಾನೇ ಸಿಕ್ಕಿಸಿದ.

ಭಾವ ಗಾಡಿಯ ಸುತ್ತ ಒಂದು ಸುತ್ತು ಬಂದು ಖುಷಿಪಟ್ಟ. "ನೋಡೋ, ಒಂಚೂರೂ ಹಿಂದಕ್ಕೆ ಕುಗ್ಗಿಲ್ಲ! ಹೂವಿನ ಹಾಗೆ ಹೊತ್ಕೊಂಡಿದೆ."

"ಒಳ್ಳೇ ಗಾಡಿ ಭಾವ," ಎಂದ ಸೂಜಿ.

ಭಾವ ಒಳಗೆ ಕೂತು ಬೆಲ್ಟ್ ಹಾಕಿಕೊಂಡ. ಕೀಲಿ ತಿರುಗಿಸುವ ಮೊದಲು ಕಿಟಕಿಯಿಂದ ತಲೆ ಹೊರಗೆ ಹಾಕಿದ.

"ಒಂದು ಮಾತು ಕಣೋ. ಆವತ್ತು ಅವಳ ಜಾಕೆಟ್ ನಿನ್ನ ಹತ್ರ ಇತ್ತು ಅಂತ ನಂಗೆ ಗೊತ್ತು. ಯಾರಿಗೂ ಹೇಳಿಲ್ಲ. ತಪ್ಪು ನಂದು, ಬಾವುಟ ನೋಡಿಯೂ ಹೊರಟವನು ನಾನು. ನೀನು ಅದನ್ನ ಮನಸ್ಸಿಗೆ ಹಚ್ಕೋಬೇಡ."

ಸೂಜಿ ಗಾಡಿಯ ಬಾಗಿಲಿಗೆ ಕೈ ಹಾಕಿದ. ಇಳೀರಿ ಭಾವ, ಒಂದು ನಿಮಿಷ ಇಳೀರಿ ಎನ್ನಲು ಬಾಯಿ ತೆರೆದ. ಇಳಿಸಿದರೆ ಮುಚ್ಚಳ ತೆಗೆಯಬೇಕು, ನೀರು ಯಾಕೆ ಎಂದರೆ ಹೇಳಬೇಕು. ಎರಡು ವರ್ಷದಿಂದ ಇವನಿಗೆ ಎಲ್ಲ ಗೊತ್ತಿತ್ತು, ಗೊತ್ತಿದ್ದೂ ಸೂಜಿಯನ್ನು ಕ್ಷಮಿಸಿ ಕೂತಿದ್ದ! ಆ ಕ್ಷಮೆಯನ್ನು ಹೊತ್ತುಕೊಂಡು ಬದುಕುವುದು ಸೂಜಿಯಿಂದಾಗದ ಮಾತು. ಬಾಯಿ ಮುಚ್ಚಿದ. ನೀಲಿ ಗಾಡಿ ಬೀದಿಯ ತಿರುವಿನಲ್ಲಿ ಮರೆಯಾಗುವವರೆಗೂ ಕೈ ಬೀಸುತ್ತ ನಿಂತ.

ಸುದ್ದಿ ಮಧ್ಯಾಹ್ನ ಬಂತು. ನಾಲ್ಕನೆಯ ತಿರುವು. ಭಾವ ಅಲ್ಲೇ ಹೋಗಿಬಿಟ್ಟಿದ್ದ. ಸೂಜಿ ಅತ್ತ, ಅಳು ನಿಜವಾದದ್ದೇ ಆಗಿತ್ತು. ಮುಂದಿನ ಮೂರು ದಿನ ಶೆಡ್ಡಿನ ಖಾಲಿ ಜಾಗದಿಂದ ನೀರು ತುಳುಕುವ ಸದ್ದು ಕೇಳುತ್ತಲೇ ಇತ್ತು. ನಲ್ಲಿಯನ್ನು ಎಷ್ಟು ಬಿಗಿದರೂ ನಿಲ್ಲಲಿಲ್ಲ.

ನಾಲ್ಕನೆಯ ದಿನ ತನಿಖಾಧಿಕಾರಿ ಅವನನ್ನು ಕರೆಸಿದಳು. ಅವಳದು ಮೆದು ಮಾತು, ಮಧ್ಯವಯಸ್ಸು. ಠಾಣೆಯ ಹಿಂದಿನ ಬಯಲಿನಲ್ಲಿ ದೋಣಿ ಒಂದು ಮಗ್ಗುಲಿಗೆ ಬಿದ್ದಿತ್ತು. ಮೂತಿ ಪುಡಿಪುಡಿ, ಹಿಂಬದಿ ಮಾತ್ರ ಹಾಗೇ ಉಳಿದಿತ್ತು. ಸೂಜಿ ಹಿಂಬದಿಯ ಅಂಕಣದತ್ತ ಕಳ್ಳನೋಟ ಬೀರಿದ. ಮುಚ್ಚಳ ಕಿತ್ತುಹೋಗಿ, ಒಳಗೆಲ್ಲ ಒಣಗಿ ಖಾಲಿ. ಗಿಡ್ಡ ಗಾಡಿ, ಕಡಿದಾದ ಇಳಿಜಾರು, ಅಭ್ಯಾಸವಿಲ್ಲದ ಕೈ ಎಂದು ಅವನು ವಿವರಿಸಿದ. ಅವಳು ಎಲ್ಲದಕ್ಕೂ ತಲೆಯಾಡಿಸುತ್ತ ಬರೆದುಕೊಂಡಳು.

"ಮುಗೀತು, ನೀವಿನ್ನು ಹೊರಡಬಹುದು," ಎಂದು ಪುಸ್ತಕ ಮುಚ್ಚಿದವಳು ದೋಣಿಯ ಹಿಂಬದಿಯ ಅಂಚಿನ ಹತ್ತಿರ ಕುಕ್ಕರುಗಾಲಿನಲ್ಲಿ ಕೂತಳು. "ಇದೊಂದು ನಂಗೆ ಅರ್ಥ ಆಗ್ಲಿಲ್ಲ. ನಿನ್ನೆ ದೋಣಿಕಟ್ಟೆಯವರನ್ನ ಕೇಳಿದೆ. ದೋಣಿ ನೀರಿನಿಂದ ಮೇಲೆ ಬಂದ ತಕ್ಷಣ ಒಳಗಿನ ನೀರು ಇಳಿದುಹೋಗಲಿ ಅಂತ ಹಿಂಬದಿ ತೂತಿನ ಬಿರಡೆ ಬಿಚ್ಚಿಡ್ತಾರಂತೆ, ಮತ್ತೆ ನೀರಿಗಿಳಿಸೋವಾಗಲೇ ಹಾಕೋದಂತೆ. ಇದು ನೀರು ಕಂಡು ಎರಡು ವರ್ಷ ಆಯ್ತಲ್ಲ, ರಸ್ತೆ ಮೇಲೆ ಹೋಗೋ ದೋಣಿಗೆ ಇಷ್ಟು ಬಿಗಿಯಾಗಿ ಬಿರಡೆ ಹಾಕಿದ್ದು ಯಾರು?" ಅವಳ ಬೆರಳ ತುದಿಯಲ್ಲಿ ಹಿತ್ತಾಳೆಯ ಬಿರಡೆ ಬಿಸಿಲಿಗೆ ಹೊಳೆಯುತ್ತಿತ್ತು. ಒಂದು ಹನಿಯೂ ಸೋರದಿರಲೆಂದು ಅದರ ಕುತ್ತಿಗೆಗೆ ಏಳು ಸುತ್ತು ಮೇಣದ ದಾರ ಬಿಗಿದಿತ್ತು, ಹಾಯಿ ಹೊಲಿಯುವ ಹೊಸ ದಾರ. ಸುತ್ತಿ ಮುಗಿಸಿದ ಮೇಲೆ ಕತ್ತರಿಗೆ ಕೈ ಚಾಚದೆ, ದಿನವೂ ಮಾಡುವ ಹಾಗೆ ದಾರದ ತುದಿಯನ್ನು ಹಲ್ಲಿನಲ್ಲೇ ಕಡಿದು ಮೇಣದ ಮೇಲೆ ಗುರುತು ಉಳಿಸಿದ್ದು ಸೂಜಿಗೆ ಆಗ ನೆನಪಾಯಿತು.